ಗ್ಯಾಸ್ ಮಾವ ಮುಚ್ಚಿಟ್ಟ ಕೈಪಿಡಿ

ಮೂವತ್ತೊಂದು ವರ್ಷ ಗ್ಯಾಸ್ ಕಟ್ಟರ್ ಹಿಡಿದು ಕಬ್ಬಿಣ ಕತ್ತರಿಸಿದವನನ್ನು ವೆಲ್ಡಿಂಗ್ ಶೆಡ್ಡಿನಲ್ಲಿ ಎಲ್ಲರೂ ಗ್ಯಾಸ್ ಮಾವ ಎನ್ನುತ್ತಿದ್ದರು. ಬೆಂಕಿಗಾಗಲಿ ಸಿಲಿಂಡರಿಗಾಗಲಿ ಅವನು ಅಂಜಿದವನಲ್ಲ. ಅಂಜಿಕೆ ಹತ್ತಿಕೊಂಡದ್ದು ಐದು ತಿಂಗಳ ಹಿಂದೆ, ಬಚ್ಚಲುಮನೆಯಲ್ಲಿ ಕಣ್ಣು ಕತ್ತಲಿಟ್ಟು ಬಿದ್ದ ದಿನ. ಆಸ್ಪತ್ರೆಯವರು ಅವನ ಎಡಭುಜದ ಕೆಳಗೆ, ಚರ್ಮದೊಳಗೆ, ಬೆಂಕಿಪೊಟ್ಟಣದಷ್ಟು ಚಿಕ್ಕ ಪೇಸ್‌ಮೇಕರ್ ಕೂರಿಸಿ ಕಳಿಸಿದರು. ಎದೆಬಡಿತ ತಡವರಿಸಿದರೆ ಅದು ಕರೆಂಟಿನ ಸಣ್ಣ ತಟ್ಟು ಕೊಟ್ಟು ಸರಿಪಡಿಸುತ್ತದಂತೆ. ಗ್ಯಾಸ್ ಕಟಿಂಗಿಗೆ ಅಡ್ಡಿಯಿಲ್ಲ, ವೆಲ್ಡಿಂಗ್ ಮೆಷಿನ್ನಿನಿಂದ ಮಾತ್ರ ದೂರವಿರಿ ಎಂದಿದ್ದರು ಡಾಕ್ಟರು.

ಶೆಡ್ಡಿನಲ್ಲಿ ಅವನು ಹರ್ನಿಯಾ ಆಪರೇಷನ್ ಎಂದು ಹೇಳಿಬಿಟ್ಟ. ನಿಜ ಹೇಳಿ ಎಂದು ಹೆಂಡತಿ ಗೋಗರೆದಳು. ಎದೆ ಕೆಟ್ಟವನನ್ನು ಗೇಟಿನ ಹತ್ತಿರ ಸ್ಟೂಲು ಹಾಕಿ ಕೂರಿಸುತ್ತಾರೆ, ಅಲ್ಲಿ ಕೂತು ಹೋಗಿಬರುವವರನ್ನು ಎಣಿಸುವುದು ನನ್ನಿಂದಾಗದು ಎಂದ. ಶೆಡ್ಡಿನ ತುದಿಯಲ್ಲಿ ತನ್ನ ಸಿಲಿಂಡರುಗಳ ಜೊತೆ ದಪ್ಪ ಪ್ಲೇಟು ಕತ್ತರಿಸಿಕೊಂಡು, ವೆಲ್ಡಿಂಗ್ ಕಡೆ ತಲೆ ಹಾಕದೆ ಹೇಗೋ ದಿನ ದೂಡುತ್ತಿದ್ದ.

ಅಷ್ಟರಲ್ಲಿ ಶೆಡ್ಡಿನ ಯಜಮಾನಿ ಕರೆಂಟಿನಿಂದ ಕಬ್ಬಿಣ ಕತ್ತರಿಸುವ ಪ್ಲಾಸ್ಮಾ ಕಟ್ಟರ್ ತರಿಸಿದಳು. ತಂದೆ ತೀರಿಕೊಂಡ ಮೇಲೆ ಶೆಡ್ಡು ನಡೆಸುತ್ತಿದ್ದ ಅವಳನ್ನು, ಅವಳು ಲಂಗ ತೊಟ್ಟು ಓಡಾಡುತ್ತಿದ್ದಾಗಿನಿಂದ ಮಾವ ನೋಡಿದ್ದ. ಪೆಟ್ಟಿಗೆ ಬಿಚ್ಚುವ ಕೆಲಸ ಅವನಿಗೇ ಬಂತು. ಒಳಗೆ ಮೆಷಿನ್ನಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕೈಪಿಡಿ. ಎರಡನೆಯ ಪುಟದಲ್ಲಿ ಎದೆಯ ಚಿತ್ರ, ಅದರ ಮೇಲೆ ಅಡ್ಡಗೆರೆ. ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಈ ಮೆಷಿನ್ನಿನ ಹತ್ತಿರ ಬರಕೂಡದು ಎಂದು ದಪ್ಪಕ್ಷರದಲ್ಲಿತ್ತು. ಮಾವ ಅದನ್ನು ಮಡಚಿ ಸುತ್ತ ನೋಡಿದ. ಯಾರೂ ಇರಲಿಲ್ಲ. ಕೈಪಿಡಿ ಅವನ ಊಟದ ಚೀಲ ಸೇರಿತು.

ಮನೆಯಲ್ಲಿ ಅದನ್ನು ಎರಡು ದಿನ ಓದಿದ. ಎದೆಯ ಮಾತೊಂದೇ ಅಲ್ಲ, ಅದರಲ್ಲಿ ಉಳಿದವರ ಜೀವಕ್ಕೂ ಬೇಕಾದ ಮಾತುಗಳಿದ್ದವು. ತನ್ನೊಂದು ಪುಟ ಮುಚ್ಚಲು ಹೋಗಿ ಎಲ್ಲರ ಪುಟವನ್ನೂ ಹೊತ್ತು ತಂದಿದ್ದ. ವಾಪಸ್ ಇಡೋಣವೆಂದರೆ ಆ ಎದೆಯ ಚಿತ್ರ; ಅದನ್ನು ಕಂಡರೆ ಯಜಮಾನಿ ಅವನ ಆಪರೇಷನ್ನಿನ ಬಗ್ಗೆ ಕೇಳದೆ ಬಿಡುತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಂದ. ಕೈಪಿಡಿ ಪೆಟ್ಟಿಗೆಯಲ್ಲೇ ಇರಲಿಲ್ಲವಂತೆ, ಅಂಗಡಿಗೆ ಫೋನ್ ಮಾಡಿದರೂ ಎತ್ತುತ್ತಿಲ್ಲ ಎಂದು ಯಜಮಾನಿ ಗೊಣಗಿದಳು. ಮಾವ ಮೆಷಿನ್ನಿನಿಂದ ದೂರ, ಒಂದು ಕಂಬದ ಪಕ್ಕ ನಿಂತು ಒಂದೊಂದಾಗಿ ಹೇಳಿ ಮಾಡಿಸಿದ. ಮೆಷಿನ್ನಿಗೆ ಬೇರೆಯದೇ ಸ್ವಿಚ್ಚು ಬೇಕು, ಅರ್ತಿಂಗ್ ಅಳೆದು ನೋಡು ಎಂದ. ಕಂಪ್ರೆಸರಿನಲ್ಲಿ ನಿಂತ ನೀರನ್ನು ಬಸಿಸಿದ. ಅದರಿಂದ ಮೆಷಿನ್ನಿಗೆ ಹೋಗುವ ಗಾಳಿ ಒಣಗಿರದಿದ್ದರೆ ಟಾರ್ಚಿನ, ಅಂದರೆ ಕತ್ತರಿಸುವ ಹಿಡಿಕೆಯ, ಮೂತಿ ಬೇಗ ಸುಟ್ಟುಹೋಗುತ್ತದೆ. ಕಿಡಿ ತಗಲಿದರೆ ಹೊತ್ತಿಕೊಳ್ಳುವ ಪಕ್ಕದ ಥಿನ್ನರ್ ಡಬ್ಬಗಳನ್ನು ಹೊರಗೆ ಹಾಕಿಸಿದ. ಪ್ಲೇಟಿಗೆ ಅರ್ತಿಂಗಿನ ಕ್ಲಾಂಪ್ ಹಿಡಿಸುವ ಜಾಗದಲ್ಲಿ ಬಣ್ಣ ಕೆರೆದು ಬರಿ ಕಬ್ಬಿಣ ಕಾಣಿಸಬೇಕೆಂದ. ಹಾಗೆ ಹೇಳುವಾಗಲೂ ಬಲಗೈ ತನ್ನಷ್ಟಕ್ಕೆ ಎಡಭುಜದ ಕೆಳಗೆ ಅಂಗಿಯ ಮೇಲೆ ಹೋಗಿ ಕೂರುತ್ತಿತ್ತು.

ಹನ್ನೊಂದರ ಹೊತ್ತಿಗೆ ಎಲ್ಲ ಮುಗಿಯಿತು. ಮೊದಲ ಕಟಿಂಗ್ ಮಾವನೇ ಮಾಡಲಿ ಎಂದಳು ಯಜಮಾನಿ. ವೆಲ್ಡರ್ ಚಪ್ಪಾಳೆ ತಟ್ಟಿದ. ಬಾಯಿಗೆ ಬಿಡುವು ಕೊಡದ ಅವನನ್ನು ಶೆಡ್ಡಿನಲ್ಲಿ ರೇಡಿಯೋ ಎಂದೇ ಕರೆಯುತ್ತಿದ್ದರು.

ಮಾವ ಹೆಜ್ಜೆ ಎತ್ತಲಿಲ್ಲ. ಕಪ್ಪು ಗಾಜು ಒರೆಸಿದ, ಕೈಗವಸು ಒದ್ದೆಯಾಗಿದೆ ಬೇರೆ ತಾ ಎಂದ, ಹೊಗೆ ಹೋಗಲು ಫ್ಯಾನು ತಿರುಗಿಸು ಎಂದ. ನೆಪಗಳೆಲ್ಲ ಮುಗಿದವು. ಕೊನೆಗೆ, ಮೂತಿಯ ನಾಝಲ್ ಈ ಪ್ಲೇಟಿನ ದಪ್ಪಕ್ಕೆ ಹೊಂದುವುದಿಲ್ಲವೇನೋ ಎಂದು ರಾಗ ಎಳೆದ.

ಅದಕ್ಕೇನಂತೆ, ಈಗಲೇ ಬದಲಾಯಿಸೋಣ ಎನ್ನುತ್ತ ರೇಡಿಯೋ ಬರಿಗೈಯಲ್ಲಿ ಟಾರ್ಚ್ ಎತ್ತಿಕೊಂಡು ನಾಝಲ್ ತಿರುಗಿಸತೊಡಗಿದ. ಮೆಷಿನ್ನಿನ ಹಸಿರು ದೀಪ ಉರಿಯುತ್ತಲೇ ಇತ್ತು. ಅವನ ಅಂಗೈ ಟ್ರಿಗರಿನ ಪಕ್ಕದಲ್ಲೇ ಇತ್ತು.

"ಬಿಡೋ ಅದನ್ನ! ಮೊದ್ಲು ಸ್ವಿಚ್ ಆಫ್ ಮಾಡು."

ಮಾವನ ಗಂಟಲಿನಿಂದ ಅಂಥ ದನಿ ಹೊರಟದ್ದನ್ನು ಯಾರೂ ಕೇಳಿರಲಿಲ್ಲ. ಎಲೆಕ್ಟ್ರಿಷಿಯನ್ ಸರಕ್ಕನೆ ಸ್ವಿಚ್ಚು ಇಳಿಸಿದ. ರೇಡಿಯೋ ಟಾರ್ಚನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು ಹಿಂದೆ ಸರಿದ.

"ಕರೆಂಟ್ ಇರೋವಾಗ ಮೂತಿ ಬಿಚ್ಚಬಾರ್ದು," ಎಂದ ಮಾವ, ಏದುಸಿರು ಬಿಡುತ್ತ. "ಟ್ರಿಗರ್ ಒತ್ತಿದ್ರೆ ಇನ್ನೂರು ಮುನ್ನೂರು ವೋಲ್ಟ್ ಬರುತ್ತೆ ಅಲ್ಲಿ. ಕೈ ಅಲ್ಲ, ಆಳೇ ಹೋಗ್ತಾನೆ."

ಯಜಮಾನಿ ಅವನನ್ನೇ ದಿಟ್ಟಿಸಿದಳು. "ಇದೆಲ್ಲ ನಿಮಗೆ ಹೇಗೆ ಗೊತ್ತು, ಮಾವ? ನಮ್ಮ ಹತ್ರ ಪುಸ್ತಕಾನೇ ಇಲ್ವಲ್ಲ."

ಮಾವ ಅಲ್ಲೇ ಪ್ಲೇಟುಗಳ ರಾಶಿಯ ಮೇಲೆ ಕೂತ. ಬೆಳಿಗ್ಗೆ ಊಟದ ಚೀಲದಲ್ಲಿ ಮತ್ತೆ ಹೊತ್ತು ತಂದಿದ್ದ ಕೈಪಿಡಿಯನ್ನು ತೆಗೆದು ಅವಳ ಕೈಗಿಟ್ಟು, ಎರಡನೆಯ ಪುಟ ನೋಡಮ್ಮ ಎಂದ. ಅವಳು ಓದಿ ತಲೆಯೆತ್ತುವಷ್ಟರಲ್ಲಿ ಅವನು ಅಂಗಿಯ ಗುಂಡಿ ಬಿಚ್ಚಿ ಭುಜದ ಕೆಳಗಿನ ಉಬ್ಬು ತೋರಿಸಿದ್ದ.

ಮಾವನ ಎದೆ ಢವಗುಟ್ಟುತ್ತಿತ್ತು. ಅದು ತನ್ನದೋ ಒಳಗಿನ ಪೊಟ್ಟಣದ್ದೋ ಎಂದು ಅವನಿಗೆ ತಿಳಿಯಲಿಲ್ಲ.

"ಎದೆ ವಿಷಯ ಹೇಳ್ಲಿಲ್ಲ ಅಂತ ನನಗೆ ಬೇಜಾರಿಲ್ಲ," ಎಂದಳು ಯಜಮಾನಿ. ರೇಡಿಯೋ ಕಡೆ ಕೈ ತೋರಿಸಿದಳು. "ಪುಸ್ತಕ ಬಚ್ಚಿಟ್ರಲ್ಲ, ಅದು ತಪ್ಪು. ಇವನಿಗೆ ಏನಾದ್ರೂ ಆಗಿದ್ರೆ ಇವನ ಹೆಂಡತಿ ಮುಂದೆ ನಾವಿಬ್ಬರೂ ಹೇಗೆ ನಿಲ್ತಿದ್ವಿ?"

ಮಾವ ತಪ್ಪಾಯ್ತು ಎಂದ, ಅಷ್ಟೇ.

ಅಂದು ಮೆಷಿನ್ ಓಡಲಿಲ್ಲ. ಯಜಮಾನಿಯೇ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಮಾವನನ್ನು ಕರೆಸಿ ಪೊಟ್ಟಣವನ್ನು ಪರೀಕ್ಷಿಸಿ, ಪ್ಲಾಸ್ಮಾ ಮುಟ್ಟುವ ಹಾಗಿಲ್ಲ, ಅದು ಓಡುವಾಗ ಪಕ್ಕಕ್ಕೂ ಹೋಗುವ ಹಾಗಿಲ್ಲ, ಗ್ಯಾಸಿನ ಕೆಲಸ ಆ ತುದಿಯಲ್ಲೇ ನಡೆಯಲಿ ಎಂದರು. ಮರುದಿನ ಅವಳು ಎಲ್ಲರನ್ನೂ ಕೂರಿಸಿ ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ರೇಡಿಯೋ ಒಂದೇ ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಮೊದಲ ಕಟಿಂಗ್ ಅವನೇ ಮಾಡಿದ. ಮಾವ ಹೊರಬಾಗಿಲಿನಾಚೆ ನಿಂತು ಆ ಸುಂಯ್ ಎನ್ನುವ ಸದ್ದು ಕೇಳಿದ.

ಅವನು ಹೆದರಿದ್ದ ಗೇಟಿನ ಸ್ಟೂಲಿನ ಕೆಲಸ ಬರಲಿಲ್ಲ. ಪ್ಲೇಟುಗಳ ಮೇಲೆ ಗುರುತು ಹಾಕಿಕೊಡುವುದು, ತೀರ ದಪ್ಪನೆಯದನ್ನು ಗ್ಯಾಸಿನಲ್ಲಿ ಕತ್ತರಿಸುವುದು ಅವನ ಪಾಲಿಗೆ ಉಳಿಯಿತು. ಹೆಂಡತಿ ಮಾತ್ರ ದಿನಾ ಮಧ್ಯಾಹ್ನ ಫೋನ್ ಮಾಡಿ ದನಿ ಕೇಳಿ ಇಟ್ಟುಬಿಡುತ್ತಾಳೆ. ಅತ್ತ ಪ್ಲಾಸ್ಮಾ ಹೊತ್ತಿಕೊಂಡಾಗಲೆಲ್ಲ ಮಾವನ ಕೈ ತಾನಾಗಿ ನಿಲ್ಲುತ್ತದೆ. ಸದ್ದು ಅಡಗುವವರೆಗೆ ಸೀಮೆಸುಣ್ಣ ಹಿಡಿದು ಹಾಗೇ ನಿಂತಿರುತ್ತಾನೆ. ಆಮೇಲೆ ಗೆರೆ ಮುಂದುವರಿಸುತ್ತಾನೆ.