ಜವರಿ ಹಾಡಿ ಬಿಟ್ಟದ್ದು

ಎನ್. ಬೇಗೂರಿನ ಆಚೆ, ಕಾಡಂಚಿನ ಗುಡಿಸಲುಗಳ ಹಾಡಿಯಲ್ಲಿ ಜವರಿಯಷ್ಟು ಬಾಯ್ತುಂಬ ನಗುವ ಹೆಂಗಸು ಇರಲಿಲ್ಲ. ಗೆಣಸು ಅಗೆಯಲು ಹೋದಾಗ ಕರಡಿ ಮೇಲೆ ಬಿದ್ದು ಅರ್ಧ ಮುಖವನ್ನೇ ಕಿತ್ತುಹಾಕಿತು. ಗಂಡ ಗುಂಡ ಅವಳನ್ನು ಕಂಬಳಿಯಲ್ಲಿ ಸುತ್ತಿ, ಸೌದೆ ಗಾಡಿಯಲ್ಲಿ ಮೈಸೂರಿನ ಮಿಷನ್ ಆಸ್ಪತ್ರೆಗೆ ಒಯ್ದ. ಮಳೆಗಾಲವೆಲ್ಲ ಅಲ್ಲೇ ಕಳೆಯಿತು. ಕನ್ನಡಿ ನೋಡಿ ಅವಳು ಕಿರುಚಿಕೊಂಡ ದಿನ, ಆ ಮುಖವನ್ನು ಅಂಗೈಯಲ್ಲಿ ಹಿಡಿದು ಕೂತವಳು ಪುಟ್ಟತಾಯಮ್ಮನೆಂಬ ದಾದಿ. ದಾದಿ ಹೇಳಿದ ಯೇಸುವಿನದೂ ಉಗುಳಿಸಿಕೊಂಡ, ಮುಳ್ಳು ಚುಚ್ಚಿಸಿಕೊಂಡ ಮುಖ. ಜವರಿಗೆ ಅಷ್ಟು ಸಾಕಾಯಿತು. ದೀಕ್ಷಾಸ್ನಾನ ಮಾಡಿಸಿಕೊಂಡೇ ಹಾಡಿಗೆ ಮರಳಿದಳು.

ಹಾಡಿಯ ಯಜಮಾನ ಈರ, ಗುಂಡನ ಒಡಹುಟ್ಟಿದ ಅಣ್ಣ. ಮಾರಮ್ಮನ ಕಲ್ಲಿಗೆ ಜವರಿ ಅಡ್ಡಬೀಳದೆ ನಿಂತಾಗ ಜನ ಮೊದಲು ನಕ್ಕರು, ಆಮೇಲೆ ಬೈದರು. ಆ ವರ್ಷ ಜ್ವರಕ್ಕೆ ಕೂಸುಗಳು ಸತ್ತವು. ಅಪವಾದ ಅವಳ ತಲೆಗೆ ಬಂತು. ಹಳ್ಳದಲ್ಲಿ ಅವಳು ಮಡಕೆ ಅದ್ದಿದರೆ ಉಳಿದವರು ತಮ್ಮ ನೀರು ಚೆಲ್ಲಿ ಮೇಲಕ್ಕೆ ನಡೆಯುತ್ತಿದ್ದರು. ಗುಂಡ ಮಾರಮ್ಮನನ್ನೂ ಬಿಡಲಿಲ್ಲ, ಹೆಂಡತಿಯನ್ನೂ ಬಿಡಲಿಲ್ಲ. "ಅವಳ ದ್ಯಾವ್ರು ಅವಳಿಗೆ. ನಿಮಗೇನ್ಲಾ?" ಎನ್ನುತ್ತಿದ್ದ. ಅವನನ್ನೂ ಹೊರಗಿಟ್ಟರು; ಹೊರಗಿಟ್ಟವರಿಗೆ ಹಾಡಿಯ ಮಣ್ಣೂ ಸಿಗದು.

ಒಂದು ಬೇಸಿಗೆ, ತೇಗದ ದಿಮ್ಮಿ ಉರುಳಿ ಗುಂಡನ ಸೊಂಟ ಮುರಿಯಿತು. ಬದುಕುವುದಿಲ್ಲವೆಂದು ಅವನಿಗೇ ಗೊತ್ತಿತ್ತು.

"ನಮ್ಮಪ್ಪನ ಮಗ್ಗುಲಲ್ಲಿ ಮಣ್ಣು ಮಾಡ್ಸು ಜವರಿ. ಅದೊಂದೇ ಆಸೆ."

ಜವರಿ ಈರನ ಬಾಗಿಲಿಗೆ ಹೋದಳು. "ನಿಮ್ ತಮ್ಮ ಕಣ್ರೀ, ಬಾವ."

"ಗೊತ್ತು ಕಣವ್ವ. ಮಾರಮ್ಮಂಗೆ ಒಂದ್ಸಲ ಅಡ್ಡಬೀಳು. ಆ ದ್ಯಾವ್ರನ್ನ ಬುಟ್ಟೆ ಅನ್ನು. ನಾನೇ ಅವನ್ನ ಒತ್ಕೊಂಡು ಓಯ್ತೀನಿ." ಈರನ ಕಣ್ಣೂ ಒದ್ದೆಯಾಗಿತ್ತು.

ಅವಳು ಕಲ್ಲಿನವರೆಗೂ ಹೋದಳು. ಗಂಡನಿಗಾಗಿ ಎಂದು ಮನಸ್ಸಿಗೆ ಹೇಳಿಕೊಂಡಳು. ಮಂಡಿ ಬಾಗಲಿಲ್ಲ, ನಾಲಿಗೆ ಏಳಲಿಲ್ಲ. ತಿರುಗಿ ಬಂದು ಕೇಳಿದಳು: "ಆಗಾಕಿಲ್ಲ ಬಾವ. ನಾನೇ ಈ ಆಡಿ ಬುಟ್ಟು ಓದ್ರೆ ಮಣ್ಣು ಮಾಡ್ತೀರಾ?"

ಈರ ಕಣ್ಣೊರೆಸಿಕೊಂಡ. "ಈಗ್ಲೇ ಓಗ್ಬೇಕು. ನಿನ್ ಮಗಳು ನಮ್ ತಾವೇ ಇರ್ಲಿ."

ಜವರಿ ಗಂಡನ ಹಣೆ ಒರೆಸಿ, "ಬಾವ ಒಪ್ಕೊಂಡ್ರು," ಎಂದಳು.

"ನೀನು?"

"ಇಲ್ಲೇ ಇರ್ತೀನಿ. ನೀರು ತತ್ತೀನಿ, ಮಲಕ್ಕೊ."

ಕಲ್ಲಿನ ಮುಂದೆ ಬಾರದ ಸುಳ್ಳು ಗಂಡನ ಮುಂದೆ ಸಲೀಸಾಗಿ ಬಂತು. ಹೊಸ್ತಿಲಲ್ಲಿ ಕೂತಿದ್ದ ಮಗಳು ಚಿಕ್ಕಮಾದಿಯ ತಲೆ ಸವರಿ ಹೊರಟವಳು ಹಿಂತಿರುಗಲಿಲ್ಲ.

ಗುಂಡನನ್ನು ಅವನ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದರು. ಜವರಿ ತಾಲ್ಲೂಕಿನ ಊರಾದ ಕೋಟೆ ಸೇರಿ, ಪ್ರಾರ್ಥನೆ ಮನೆಯ ಕಸ ಗುಡಿಸಿಕೊಂಡು, ಸೌದೆ ಹೊತ್ತುಕೊಂಡು ಬದುಕಿದಳು. ವರ್ಷಗಳಾದ ಮೇಲೆ ಸಂತೆಯಲ್ಲಿ ಚಿಕ್ಕಮಾದಿ ಎದುರಾದಳು, ಕಂಕುಳಲ್ಲಿ ಕೂಸು.

"ಅಪ್ಪ ಸಾಯೋ ಗಂಟ ನೀರು ತತ್ತಾಳೆ ಅಂತ ಬಾಗ್ಲನ್ನೇ ನೋಡ್ತಿದ್ದ," ಎಂದಳು. ಕೂಸನ್ನು ಮುಟ್ಟಲು ಚಾಚಿದ ಕೈಯಿಂದ ಸರಿದು ಜನರೊಳಗೆ ಹೋಗಿಬಿಟ್ಟಳು.

ಆ ಮಾತು ಕೇಳಿದ ಮೇಲೂ ಜವರಿ ಭಾನುವಾರ ತಪ್ಪಿಸಲಿಲ್ಲ; ಆದರೆ ಹಾಡು ನಿಂತಿತು, ಪ್ರಾರ್ಥನೆಯೂ ನಿಂತಿತು. ಗೋಡೆಗೊರಗಿ ಸುಮ್ಮನೆ ಕೂತಿರುತ್ತಿದ್ದಳು. ನಂಬಿಕೆ ಹೋಯಿತೇ ಎಂದು ಪ್ರಾರ್ಥನೆ ಮನೆಯ ಉಪದೇಶಿ ಮೆಲ್ಲಗೆ ಕೇಳಿದರು.

"ಇಲ್ಲ ಅಯ್ಯ, ಆತ ಅವ್ನೆ," ಎಂದಳು. "ಆತನ ಕುಟೆ ಮಾತಾಡಾಕೇ ನಂಗೆ ಆಯ್ತಾ ಇಲ್ಲ."