ಸೋರದ ನಾವೆ

ಕೃಷ್ಣಾ ಹೊಳೆಯ ದಂಡೆಯ ಹರಿಪುರದ ಘಾಟಿನಲ್ಲಿ ಹಿಂದೆ ನಡೆಯುತ್ತಿದ್ದ ನಾವೆಯ ಇತಿಹಾಸ ಹೇಳುವವರು ಇನ್ನೂ ಒಬ್ಬಿಬ್ಬರು ಇದ್ದಾರೆ. ಈ ದಂಡೆ ಸಾಂಗಲಿ ಸಂಸ್ಥಾನದ್ದು, ಆಚೆ ದಂಡೆ ಬೇರೆ ರಾಜರ ಸೀಮೆ, ನಾವೆ ನಡೆಸುತ್ತಿದ್ದವರು ಇಂಥ ಅಂಬಿಗರ ಮನೆತನದವರು ಎಂದೆಲ್ಲ ಹೇಳಿ, ಕೊನೆಗೆ ನಗುತ್ತ ಒಂದು ಮಾತು ಸೇರಿಸುತ್ತಾರೆ: ಆ ನಾವೆ ಬಹಳ ಸೋರುತ್ತಿತ್ತಂತೆ. ಶುದ್ಧ ಸುಳ್ಳು. ಅದು ಒಂದು ಹನಿಯೂ ಸೋರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಊರು ಏಳುವ ಮೊದಲು ಅದರೊಳಗೆ ಎರಡು ಕೊಡ ನೀರು ಹೊಯ್ಯುತ್ತಿದ್ದವಳು ನಾನೇ.

ನನ್ನ ಅಪ್ಪ ಅಂಬಿಗ. ನನಗೆ ಹತ್ತು ವರ್ಷವಿದ್ದಾಗ ಅವನ ಕಣ್ಣಿಗೆ ಪೊರೆ ಬಂತು. ವರ್ಷ ತುಂಬುವುದರೊಳಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದಾಯಿತು. ಮಿರಜಿನ ದವಾಖಾನೆಗೆ ಹೋಗಿ ಕಣ್ಣು ತೋರಿಸಬಹುದಿತ್ತು, ಆದರೆ ತೋರಿಸಿದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಕುರುಡನ ನಾವೆ ಯಾರು ಹತ್ತುತ್ತಾರೆ? ಸಂಸ್ಥಾನದ ಕಚೇರಿಯವರು ಘಾಟಿನ ಹಕ್ಕನ್ನು ಪಕ್ಕದ ಮನೆಯ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಕೊಟ್ಟುಬಿಡುತ್ತಿದ್ದರು. ಅಣ್ಣತಮ್ಮಂದಿರಿಗೆ ಆ ಹಕ್ಕಿನ ಸಲುವಾಗಿಯೇ ಮಾತು ಬಿಟ್ಟುಹೋಗಿತ್ತು.

ನಾವೆ ನೂಕುವ ಬಿದಿರಿನ ಗಳ ಹಾಕುವುದಕ್ಕೆ ಅಪ್ಪನಿಗೆ ಕಣ್ಣು ಬೇಕಿರಲಿಲ್ಲ, ತೋಳು ಸಾಕಾಗಿತ್ತು. ಕಣ್ಣು ಬೇಕಾಗಿದ್ದದ್ದು ನಡುಹೊಳೆಯ ಬಂಡೆಗೆ. ನೀರು ಇಳಿದಾಗ ಮಲಗಿದ ಎಮ್ಮೆಯ ಬೆನ್ನಿನಂತೆ ಕಾಣುತ್ತಿದ್ದ ಆ ಬಂಡೆ, ನೀರು ಏರಿದಾಗ ಮೇಲೊಂದು ಸಣ್ಣ ಸುಳಿ ಬಿಟ್ಟು ಪೂರ್ತಿ ಮುಳುಗಿರುತ್ತಿತ್ತು. ಅದಕ್ಕೆ ಅಪ್ಪ ಒಂದು ಉಪಾಯ ಹೂಡಿದ. ನಾನು ತಂಬಿಗೆ ಹಿಡಿದು ಮುಂದಿನ ಹಲಗೆಯ ಮೇಲೆ ಕುಳಿತುಕೊಳ್ಳಬೇಕು, ನಾವೆಯೊಳಗಿನ ನೀರು ತೋಡಿ ಹೊರಗೆ ಚೆಲ್ಲುತ್ತಿರಬೇಕು. ಎಡಗಡೆ ಚೆಲ್ಲಿದರೆ ನಾವೆ ಎಡಕ್ಕೆ, ಬಲಗಡೆ ಚೆಲ್ಲಿದರೆ ಬಲಕ್ಕೆ. ತಂಬಿಗೆಯನ್ನು ಹಲಗೆಗೆ ಉಜ್ಜಿದರೆ ದಂಡೆ ಬಂತು ಎಂದು ಅರ್ಥ. ಹಿಂದೆ ನಿಂತ ಅಪ್ಪ ನೀರು ಬಿದ್ದ ಸಪ್ಪಳ ಕೇಳಿ ಗಳ ತಿರುವುತ್ತಿದ್ದ.

ಮೊದಲ ದಿನವೇ ನನ್ನ ಅಂಗೈಯಲ್ಲಿ ಹೊಳೆಯ ನೀರು ಹಾಕಿ ಆಣೆ ಮಾಡಿಸಿದ್ದ. "ಕೃಷ್ಣಾಬಾಯಿ ಆಣಿ ಅವ್ವಾ, ಇದು ನಮ್ಮನಿ ಬಿಟ್ಟು ಹೊರಗ ಹೋಗಬಾರದು. ಯಾರಿಗೂ ಗೊತ್ತಾಗಬಾರದು, ಅದರಾಗೂ ನಿಮ್ಮ ಕಾಕಾನ ಮನಿಗೆ ಗೊತ್ತಾಗಬಾರದು. ನೀನ ನನ್ನ ಕಣ್ಣು." ತಾನೂ ಅಂಗೈಯಲ್ಲಿ ನೀರು ಹಿಡಿದು ಆಣೆ ಮಾಡಿದ. ಅದನ್ನು ನಾನು ಮರೆತಿಲ್ಲ.

ಸಾಂಗಲಿಯ ಪೇಟೆಗೆ ಹಾಲು, ಬದನೆಕಾಯಿ ಹೊತ್ತು ಹೋಗುವವರು ಸೀರೆ ಎತ್ತಿ, ಧೋತರ ಎತ್ತಿ ಕುಳಿತು ಅಪ್ಪನನ್ನು ಕಾಡುತ್ತಿದ್ದರು. "ಬಡಿಗ್ಯಾರನ್ನ ಕರಸ್ರಿ ಅಂಬಿಗರ, ನಿಮ್ಮ ನಾವಿ ಹೊಳೀನ ಕುಡದು ಬಿಡತೈತಿ!" ಅಪ್ಪ ಅಳುಕದೆ ಹೇಳುತ್ತಿದ್ದ: "ಮುದಿ ನಾವಿರಿ, ಅದರ ಬಾಯಿ ಮುಚ್ಚಸಾಕ ಆಗೂದಿಲ್ಲ." ನಾನು ಕೆಳಗೆ ನೋಡಿ ನಗು ನುಂಗುತ್ತಿದ್ದೆ. ಅಷ್ಟು ದೊಡ್ಡ ಹೊಳೆ, ಅಷ್ಟು ಜನ, ಎಲ್ಲ ನನ್ನ ತಂಬಿಗೆಯ ಮೇಲೆ ನಡೆಯುತ್ತಿತ್ತು. ನನಗೆ ಸೊಕ್ಕು ಬಂದಿತ್ತು ಎಂದರೂ ತಪ್ಪಲ್ಲ.

ನಾನು ದೊಡ್ಡವಳಾದ ಮೇಲೆ ತಿಂಗಳಿಗೆ ನಾಲ್ಕು ದಿನ ಹಿತ್ತಲ ಕೊಟ್ಟಿಗೆಯಲ್ಲಿ ಕೂರಬೇಕಾಯಿತು. ಅಲ್ಲಿಂದ ಹೊಳೆ ಕಾಣುತ್ತಿರಲಿಲ್ಲ. "ನಾವಿ?" ಎಂದು ಕೇಳಿದರೆ ಅವ್ವ ದೂರದಿಂದಲೇ ರೊಟ್ಟಿ ಇಟ್ಟು, "ದಂಡಿಗೆ ಕಟ್ಯಾನ. ಜ್ವರ ಬಂದೈತಿ ಅಂತ ಹೇಳಿ ಮಲಗ್ಯಾನ ನಿಮ್ಮಪ್ಪ," ಎನ್ನುತ್ತಿದ್ದಳು. ನಾನು ನಂಬಿದೆ.

ಖಂಡೇರಾಜುರಿಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಾಗ ನನಗೆ ಒಳಗೊಳಗೇ ನಗು. ಅಪ್ಪ ತನ್ನ ಕಣ್ಣನ್ನು ತಾನೇ ಕಿತ್ತು ಕೊಡುತ್ತಾನೆಯೇ? ಏನಾದರೂ ನೆವ ಹೇಳಿ ಕಳಿಸುತ್ತಾನೆ ಎಂದುಕೊಂಡು ನಿಶ್ಚಿಂತಳಾಗಿ ಚಹಾ ತಂದಿಟ್ಟೆ. ಬಸಿಯಲ್ಲಿನ ಚಹಾ ಮುಗಿಯುವ ಮೊದಲೇ ಅಪ್ಪ ಒಪ್ಪಿಬಿಟ್ಟ.

ಖಂಡೇರಾಜುರಿ ಕುರಿಯ ಊರು, ಜೋಳದ ಊರು. ಹೊಳೆಯಿಲ್ಲ. ಗಂಡನ ಮನೆಯವರು ಕೆಟ್ಟವರಲ್ಲ, ಆದರೆ ನನಗೆ ಊಟ ಸೇರುತ್ತಿರಲಿಲ್ಲ. ಆ ಮಳೆಗಾಲ ಪೂರ್ತಿ ಬಂಡೆಯದೇ ಚಿಂತೆ. ಸಾಂಗಲಿ ಕಡೆಯಿಂದ ಯಾರು ಬಂದರೂ ಓಡಿಹೋಗಿ, "ಹರಿಪುರದ ನಾವಿ ಸುದ್ದಿ ಏನರೆ ಐತೇನ್ರಿ?" ಎಂದು ಕೇಳುತ್ತಿದ್ದೆ. ನಾವೆ ಚೆನ್ನಾಗಿಯೇ ನಡೆಯುತ್ತಿದೆ ಎನ್ನುತ್ತಿದ್ದರು. ಅಪ್ಪ ಜೀವ ಕೈಯಲ್ಲಿ ಹಿಡಿದು ಒಬ್ಬನೇ ನಡೆಸುತ್ತಿದ್ದಾನೆ ಎಂದುಕೊಂಡು ನಾನು ಅಳುತ್ತಿದ್ದೆ.

ದೀಪಾವಳಿಗೆ ತವರಿಗೆ ಬಂದೆ. "ಅಪ್ಪ ಹೊಳಿಗೆ ಹೋಗ್ಯಾನ," ಎಂದ ಅವ್ವ ನನ್ನ ಮುಖ ನೋಡಲಿಲ್ಲ. ಗಂಟು ಅಲ್ಲೇ ಇಟ್ಟು ಘಾಟಿಗೆ ಓಡಿದೆ. ನಾವೆ ಆಚೆಯಿಂದ ಬರುತ್ತಿತ್ತು. ಅದರ ಮುಂದಿನ ಹಲಗೆಯಿಂದ ನೀರು ಎಡಕ್ಕೊಮ್ಮೆ ಚಿಮ್ಮಿತು, ಬಲಕ್ಕೆರಡು ಸಲ ಚಿಮ್ಮಿತು. ನನ್ನ ತಂಬಿಗೆ ಹಿಡಿದು ಕುಳಿತಿದ್ದವನು ಕಾಕಾನ ದೊಡ್ಡ ಮಗ.

ನಾನು ಘಾಟಿನ ಮೆಟ್ಟಿಲ ಮೇಲೆ ಕಾದು ನಿಂತೆ. ನಾವೆ ದಂಡೆಗೆ ಹತ್ತಿ ಜನ ಇಳಿದ ಮೇಲೆ, ಸೆರಗು ಮುಖದ ತುಂಬ ಎಳೆದುಕೊಂಡು ಹೊಸಬರ ಜೊತೆ ನಾನೂ ಹತ್ತಿ ಮುಂದೆಯೇ ಕುಳಿತೆ. ಸೆರಗಿನ ಸಂದಿಯಿಂದ ಅವನ ಕೈ ನೋಡುತ್ತಿದ್ದೆ. ಎಷ್ಟು ನೀರು ತೋಡಬೇಕು, ಸಪ್ಪಳ ಬರುವಂತೆ ಹೇಗೆ ಚೆಲ್ಲಬೇಕು, ಎಲ್ಲ ಅವನಿಗೆ ಕರಗತವಾಗಿತ್ತು. ನಾಲ್ಕಾರು ತಿಂಗಳಲ್ಲಿ ಬರುವ ಕೈಯಲ್ಲ ಅದು. ನನಗೇ ವರ್ಷ ಹಿಡಿದಿತ್ತು.

ನಡುಹೊಳೆಯಲ್ಲಿ ಗಾಳಿಗೆ ಸೆರಗು ಸರಿಯಿತು. ಅವನು ನನ್ನನ್ನು ಕಂಡು ಅಲ್ಲೇ ಬಿಗಿದುಹೋದ. ತಂಬಿಗೆ ನಿಂತಿತು. ಬಂಡೆಯ ಸುಳಿ ನೇರ ಎದುರಿಗೆ ಬರುತ್ತಿತ್ತು. ಯೋಚಿಸಲು ಪುರಸೊತ್ತಿರಲಿಲ್ಲ. ಬೊಗಸೆಯಲ್ಲಿ ನೀರು ಬಾಚಿ ಬಲಗಡೆ ಎಸೆದೆ, ಮತ್ತೆ ಎಸೆದೆ. ಗಳ ತಿರುಗಿತು. ಬಂಡೆ ಪಕ್ಕದಲ್ಲೇ ಉಳಿಯಿತು.

"ಯವ್ವಾ, ಇನ್ನೂ ಸೋರತೈತೇನಿದು!" ಎಂದು ಯಾರೋ ನಕ್ಕರು. ಅಪ್ಪ ನೀರಿನ ಸಪ್ಪಳ ಬಂದ ಕಡೆಗೆ ಮುಖ ತಿರುಗಿಸಿದ. ನೀರು ಎಸೆದ ಕೈ ಯಾರದೆಂದು ಅವನಿಗೆ ತಿಳಿದಿತ್ತು.

ಆಚೆ ದಂಡೆಯಲ್ಲಿ ಎಲ್ಲರೂ ಇಳಿದರು. ಕಾಕಾನ ಮಗನೂ ಇಳಿದು ದೂರ ಹೋಗಿ ನಿಂತ.

"ಯಾವಾಗಿಂದ, ಅಪ್ಪಾ?" ಎಂದೆ.

ಅಪ್ಪ ಗಳ ಊರಿಕೊಂಡು ನಿಂತೇ ಇದ್ದ. "ಹೆಣ್ಣು ಮಗಳು ಒಂದಿನ ಹೋಗಾಕೀನ ಅಲ್ಲೇನವ್ವಾ. ಘಾಟ ಉಳೀಬೇಕಿತ್ತು. ನಿಮ್ಮ ಕಾಕಾನ ಕೂಡ ರಾಜಿ ಮಾಡಿಕೊಂಡೆ."

"ಯಾವಾಗಿಂದ?"

"ನೀ ದೊಡ್ಡಾಕಿ ಆದಿ ನೋಡು, ಆ ತಿಂಗಳಿಂದ. ನೀ ಹೊರಗ ಕುಂತ ನಾಕ ದಿನ ಅವನ ಮಗನ್ನ ಕರಕೊಂಡು ಬರತಿದ್ದೆ."

ಎರಡು ವರ್ಷ. ಅಷ್ಟೂ ತಿಂಗಳು ನಾನು ಆ ಕೊಟ್ಟಿಗೆಯಲ್ಲಿ ಗೋಡೆಗೆ ಒರಗಿ, ಅಪ್ಪ ಇನ್ನೆಷ್ಟು ದಿನ ಕಣ್ಣಿಲ್ಲದೆ ಕೂರಬೇಕು ಎಂದು ಬೆರಳು ಎಣಿಸುತ್ತಿದ್ದೆ.