ಒಂದು ಚೌಕಾಬಾರ, ಮೂರು ತಾಲ್ಲೂಕು

ಯಾವ ವಸ್ತು ಎಲ್ಲಿರಬೇಕೋ ಅಲ್ಲಿಯೇ ಇರುವುದು ಮನುಷ್ಯಕುಲದ ಸಕಲ ಸಾಧನೆಗಳ ತಳಹದಿ. ಈ ವಾಕ್ಯವನ್ನು ಬರೆಯಲು ನನಗೆ ಕನ್ನಡಕ ಬೇಕಾಗಿತ್ತು. ಅರ್ಧ ಗಂಟೆ ಹುಡುಕಿದ ಮೇಲೆ ಅದು ರಾಗಿಹಿಟ್ಟಿನ ಡಬ್ಬದ ಮೇಲೆ ಸಿಕ್ಕಿತು.

ಆದರೂ ವಾಕ್ಯವನ್ನು ಹಿಂದಕ್ಕೆ ಪಡೆಯುವುದಿಲ್ಲ. ನಾನು ತರೀಕೆರೆಯಲ್ಲಿ ಸರ್ಕಾರದ ರೆಕಾರ್ಡ್ ರೂಮು ನೋಡಿಕೊಂಡು ನಿವೃತ್ತಳಾದವಳು. ಹೋಬಳಿಗೊಂದು ಸಾಲು, ಊರಿಗೊಂದು ಕಟ್ಟು, ಕಟ್ಟಿಗೊಂದು ಬಟ್ಟೆ. ಯಾವ ಊರಿನ ಯಾವ ಖಾತೆಯ ಹಾಳೆ ಕೇಳಿದರೂ, ಕೇಳಿದವರು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದರೊಳಗೆ ಮೇಜಿನ ಮೇಲಿರುತ್ತಿತ್ತು. ಕಚೇರಿಗೆ ಕಂಪ್ಯೂಟರ್ ಬಂದಾಗ ತರಬೇತಿಗೆ ಒಬ್ಬರನ್ನು ಕಳಿಸಿ ಎಂದು ಮೇಲಿನಿಂದ ಪತ್ರ ಬಂತು. ಆ ವಾರ ಉಳಿದವರಿಗೆಲ್ಲ ಒಟ್ಟಿಗೇ ಬೆನ್ನುನೋವು ಬಂದದ್ದರಿಂದ ನಾನು ಹೋದೆ. ಹೋದವಳಿಗೆ ರುಚಿ ಹತ್ತಿತು. ನಿವೃತ್ತಿಯಾದ ಮೇಲೆ ಜೊತೆಯವರು ಕಾಶಿಗೆ ಹೋದರು. ನಾನು ಪ್ರೋಗ್ರಾಂ ಬರೆಯುವುದನ್ನು ಕಲಿತೆ.

ಕಡೂರಿನಲ್ಲಿ ನನ್ನ ಅಣ್ಣನ ಮಗನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ನಲವತ್ತರ ಹತ್ತಿರದ ಮನುಷ್ಯ, ಕೈ ಬಲು ಚುರುಕು. ಅವನೂ ನಾನೂ ಸೇರಿ ಫೋನಿನಲ್ಲಿ ಆಡುವ ಚೌಕಾಬಾರ ಮಾಡೋಣವೆಂದು ಹೊರಟೆವು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಐದೈದು ಮನೆಗಳ ಐದು ಸಾಲಿನ ಹಾಸು, ನಾಲ್ಕು ಕವಡೆ, ತಲಾ ನಾಲ್ಕು ಕಾಯಿ. ಕವಡೆ ಬಿದ್ದಷ್ಟು ಕಾಯಿ ನಡೆಸಬೇಕು, ಎದುರಾಳಿಯ ಕಾಯಿ ಸಿಕ್ಕರೆ ಹೊಡೆಯಬೇಕು, ನಡುಮನೆ ಸೇರಿದ ಕಾಯಿ ಹಣ್ಣು. ಇಷ್ಟರ ಮಟ್ಟಿಗೆ ಎಲ್ಲರೂ ಒಪ್ಪುತ್ತಾರೆ. ಇಲ್ಲಿಂದ ಮುಂದೆ ಯಾರೂ ಒಪ್ಪುವುದಿಲ್ಲ.

ಕಡೂರಿನ ಅಣ್ಣನ ಮನೆಯವರ ಆಟದಲ್ಲಿ ಒಂದೇ ಮನೆಯಲ್ಲಿ ಎರಡು ಕಾಯಿ ಕೂತಿದ್ದರೂ ಧಾರಾಳವಾಗಿ ಹೊಡೆಯಬಹುದು. ನಮ್ಮ ತರೀಕೆರೆಯಲ್ಲಿ ಹಾಗೆ ಕೂತ ಜೋಡಿಗೆ ಗಟ್ಟಿ ಎಂದು ಹೆಸರು. ಒಂಟಿ ಕಾಯಿ ಅದನ್ನು ಮುಟ್ಟುವಂತಿಲ್ಲ, ಇನ್ನೊಂದು ಗಟ್ಟಿಯೇ ಬಂದು ಹೊಡೆಯಬೇಕು. ಅಜ್ಜಂಪುರದಲ್ಲಿ ಗಟ್ಟಿಯನ್ನು ಯಾರೂ ಮುಟ್ಟುವಂತಿಲ್ಲ. ಅಲ್ಲದೆ, ಸತತ ಮೂರು ಸಲ ಎಂಟು, ಅಂದರೆ ನಾಲ್ಕೂ ಕವಡೆ ಕವುಚಿ, ಬಿದ್ದರೆ ಮೂರೂ ಸುಟ್ಟುಹೋದವೆಂದು ಲೆಕ್ಕ. ಅಜ್ಜಂಪುರದ ಕಾನೂನಿಗೆ ಅಲ್ಲಿಗೆ ಮದುವೆಯಾಗಿ ಹೋದ ನನ್ನ ಅಕ್ಕನೇ ಆಧಾರ. ಅವಳಿಗೆ ಎಪ್ಪತ್ತು ದಾಟಿದೆ. ಆಟದಲ್ಲಿ ಸೋತದ್ದನ್ನು ನಾನು ನೋಡಿಲ್ಲ, ಸೋತೆನೆಂದು ಒಪ್ಪಿಕೊಂಡದ್ದನ್ನಂತೂ ಯಾರೂ ನೋಡಿಲ್ಲ.

ಹಳೆಯ ಮನೆಯಾಟಗಳನ್ನೆಲ್ಲ ಒಂದೇ ಆಪ್‌ನಲ್ಲಿ ಸೇರಿಸುತ್ತಿದ್ದ ಬೆಂಗಳೂರಿನ ಕಂಪನಿಯೊಂದಕ್ಕೆ ನಮ್ಮ ಅರೆಬೆಂದ ಆಟವನ್ನು ಅಣ್ಣನ ಮಗ ಕಳಿಸಿದ್ದ. ಅವರಿಗೆ ಇಷ್ಟವಾಯಿತು. ಎರಡು ವಾರ ಬಿಟ್ಟು ಸೋಮವಾರ ವಿಡಿಯೋದಲ್ಲಿ ಆಡಿ ತೋರಿಸಿ, ತಪ್ಪಿಲ್ಲದೆ ನಡೆದರೆ ತೆಗೆದುಕೊಳ್ಳುತ್ತೇವೆ ಎಂದರು. ಅವನಿಗೆ ಬೇಕಾದದ್ದು ಆ ಕಂಪನಿ. ನನಗೆ ಬೇಕಾದದ್ದು ಒಂದೇ: ಮೂರೂ ಊರಿನ ಆಟ, ಆಯಾ ಊರಿನವರು ಆಡುವ ಹಾಗೆಯೇ, ಅದರೊಳಗೆ ಇರಬೇಕು.

ಅವನು ಬರೆದ ಕೋಡನ್ನು ಮೊದಲ ಸಲ ಪೂರ್ತಿ ಓದಿದ ದಿನ ನನಗೆ ನಿಜವಾಗಿ ತಲೆಸುತ್ತು ಬಂತು. ಎಲ್ಲವೂ ಒಂದೇ ಫೈಲು. ಕವಡೆ ಬೀಳಿಸುವುದು, ಕಾಯಿಗೆ ಬಣ್ಣ ಹಚ್ಚುವುದು, ಶಬ್ದ ಮಾಡುವುದು, ಯಾರ ಸರದಿ ಎಂದು ತೀರ್ಮಾನಿಸುವುದು, ಎಲ್ಲ ಒಂದರ ಹೊಟ್ಟೆಯಲ್ಲೊಂದು. ಹತ್ತು ಸಾಲಿಗೊಮ್ಮೆ ‘ಊರು ತರೀಕೆರೆಯಾದರೆ’, ‘ಊರು ಕಡೂರಾದರೆ’ ಎಂಬ ಪ್ರಶ್ನೆ.

“ಲೇ, ಇದೇನೋ ಇದು, ಮದುವೆ ಮನೆ ಉಗ್ರಾಣ ಇದ್ದಂಗಿದೆ” ಎಂದೆ.

“ಓಡ್ತಾ ಐತಲ್ಲ ಅತ್ತೆ, ಇನ್ನೇನು ಬೇಕು?”

“ಕಳ್ಳನೂ ಓಡ್ತಾನೆ ಕಣೋ.”

“ನಿಂಗೆ ಎಲ್ಲಾದನ್ನೂ ಬಟ್ಟೇಲಿ ಕಟ್ಟಿ ಗಂಟು ಹಾಕಿದ್ರೇನೇ ನಿದ್ದೆ ಬರೋದು” ಎಂದು ನಗುತ್ತಾ ಅವನು ಯಾರದೋ ಕೀಬೋರ್ಡಿನ ಧೂಳು ಕೊಡವಲು ಎದ್ದ.

ಮುಂದಿನ ಭಾನುವಾರ ಫೋನು ಹಿಡಿದುಕೊಂಡು ಇಬ್ಬರೂ ಅಜ್ಜಂಪುರಕ್ಕೆ ಹೋದೆವು. ಹಿಂದಿನ ದಿನವಷ್ಟೇ ಅವನು ಕಾಯಿಗಳ ಚಿತ್ರ ಬದಲಿಸಿದ್ದ. ಮೊದಲು ದುಂಡು ಬಿಲ್ಲೆಗಳಿದ್ದವು, ಈಗ ಹುಣಸೆಬೀಜಗಳು. ನೋಡಲು ಚೆಂದವೇ. ಅಕ್ಕ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕೂತಳು, ಮೆಷಿನ್ನು ಎದುರಾಳಿ. ನಾಲ್ಕನೇ ಸುತ್ತಿಗೆ ಅವಳು ಎರಡು ಕಾಯಿ ಸೇರಿಸಿ ಗಟ್ಟಿ ಮಾಡಿದಳು. ಮೆಷಿನ್ನಿನ ಒಂಟಿ ಕಾಯಿ ಬಂದು ಎರಡನ್ನೂ ಹೊಡೆದು ಹೊರಗೆ ಹಾಕಿತು.

ಅಕ್ಕ ಫೋನನ್ನು ಚಾಪೆಯ ಮೇಲೆ ಮೆಲ್ಲಗೆ ಕವುಚಿಟ್ಟಳು.

“ಇದು ಮೋಸ ಮಾಡ್ತದೆ. ಮೋಸ ಮಾಡೋರ ಜೊತೆ ನಾನು ಆಡಲ್ಲ.”

“ದೊಡ್ಡತ್ತೆ, ಮೆಷಿನ್ನು ಮೋಸ ಮಾಡಲ್ಲ ಕಣತ್ತೆ.”

“ಹಂಗಾದ್ರೆ ನೀನು ಮಾಡಿದ್ದೀಯ. ಅವ್ಲಕ್ಕಿ ತಿನ್ನು, ತಿಂದು ಸರಿ ಮಾಡ್ಕಂಡು ಬಾ.”

ಅವಲಕ್ಕಿ ತಿಂದು, ಅಲ್ಲೇ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆಗೆದು ಹುಡುಕಿದೆವು. ತಪ್ಪು ಸಿಕ್ಕಿದ ಜಾಗ ನೋಡಿ ನನಗೆ ಸಿಟ್ಟೂ ಬಂತು, ಸ್ವಲ್ಪ ಸಂತೋಷವೂ ಆಯಿತು ಎನ್ನುವುದನ್ನು ಮುಚ್ಚಿಡಲಾರೆ. ಗಟ್ಟಿಯನ್ನು ಹೊಡೆಯಬಾರದೆಂಬ ನಿಯಮವನ್ನು ಅವನು ಚಿತ್ರ ಬಿಡಿಸುವ ಭಾಗದೊಳಗೆ ಬರೆದಿದ್ದ. ಎರಡು ಬಿಲ್ಲೆ ಒಂದೇ ಮನೆಯಲ್ಲಿದ್ದರೆ ಒಂದು ದೊಡ್ಡ ಬಿಲ್ಲೆ ಬಿಡಿಸಬೇಕು. ದೊಡ್ಡ ಬಿಲ್ಲೆ ಬಿಡಿಸಿದ್ದರೆ ಆ ಮನೆಯನ್ನು ಹೊಡೆಯಬಾರದು. ಹುಣಸೆಬೀಜ ಬಂದ ಮೇಲೆ ಎರಡನ್ನೂ ಅಕ್ಕಪಕ್ಕ ಬಿಡಿಸಿದ. ದೊಡ್ಡ ಬಿಲ್ಲೆ ಹೋಯಿತು, ಅದರ ಜೊತೆಗೆ ಅಜ್ಜಂಪುರದ ಕಾನೂನೂ ಹೋಯಿತು. ನಕ್ಷೆ ಬಿಡಿಸುವ ಸರ್ವೇಯರು ಬಣ್ಣ ಬದಲಾಯಿಸಿದ್ದಕ್ಕೆ ಜಮೀನಿನ ಹಕ್ಕೇ ಬದಲಾದ ಹಾಗೆ.

ತಿರುಗಿ ಬರುವಾಗ ರೈಲಿನಲ್ಲಿ ಅವನು ಕಂಪನಿಯವರಿಗೆ ಫೋನು ಮಾಡಿ ತೊಡಕನ್ನು ಹೇಳಿದ. ಅವರು ಬಹಳ ವಿನಯದಿಂದ ಒಂದು ಸಲಹೆ ಕೊಟ್ಟರಂತೆ: ಮೂರು ನಿಯಮ ಏಕೆ, ಒಂದೇ ಸ್ಟ್ಯಾಂಡರ್ಡ್ ನಿಯಮ ಇಟ್ಟುಬಿಡಿ.

“ಕಡೂರಿಂದು ಸುಲಭ ಅತ್ತೆ. ಗಟ್ಟಿನೇ ಇಲ್ಲ. ಬಾಕಿ ಎರಡು ತೆಗೆದ್ಬಿಟ್ರೆ ನಾಳೆನೇ ಆಟ ರೆಡಿ.”

“ತರೀಕೆರೆಯೋರು ಏನು ಮಾಡ್ಬೇಕು?”

“ಕಡೂರು ಥರ ಆಡ್ಲಿ. ಯಾರು ಬಂದು ಕೇಳ್ತಾರೆ?”

“ನಾನು ಕೇಳ್ತೀನಿ. ರ್ಯಾಕು ತುಂಬ್ತು ಅಂತ ಒಂದು ಊರಿನ ಕಟ್ಟು ಸುಟ್ಟು ಹಾಕಿದ್ದು ನನ್ನ ಸರ್ವಿಸ್‌ನಲ್ಲೇ ಇಲ್ಲ. ಈಗ ಶುರು ಮಾಡಲ್ಲ.”

“ಎಂಟು ದಿನ ಐತೆ ಅಷ್ಟೆ.”

“ಎಂಟು ದಿನ ಸಾಕು. ಫೈಲ್ ಕೊಡು.”

“ನೀನು ಬಿಚ್ಚಿ ಹಾಕ್ಬಿಡ್ತೀಯ. ಆಮೇಲೆ ಯಾವ್ದೂ ಓಡಲ್ಲ.”

“ಒಂದು ಊರು ಬಿಟ್ಟು ಹೋಗೋದಾದ್ರೆ ಓಡೋದೇ ಬೇಡ” ಎಂದೆ. ಎದುರು ಕೂತಿದ್ದವರು ಇದೇನೋ ಆಸ್ತಿ ಪಾಲಿನ ಜಗಳವೆಂದುಕೊಂಡು ಮರ್ಯಾದೆಯಿಂದ ಕಿಟಕಿಯ ಕಡೆ ತಿರುಗಿದರು. ತರೀಕೆರೆಯ ಗಾಡಿ ಹಿಡಿಯಲು ಬೀರೂರಿನಲ್ಲಿ ನಾನು ಇಳಿಯುವ ಮೊದಲು ಅವನು ಪೆನ್‌ಡ್ರೈವನ್ನು ನನ್ನ ಕೈಗೆ ಹಾಕಿದ. ಮುಖ ನೋಡಲಿಲ್ಲ.

ಮರುದಿನ ಇಡೀ ಕೋಡನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿದೆ. ಪ್ರಿಂಟ್ ಹಾಕಿದವನು ಯಾವ ಪರೀಕ್ಷೆಗೆ ಓದುತ್ತಿದ್ದೀರಿ ಎಂದು ಕೇಳಿದ. ಮನೆಯ ನಡುಕೋಣೆಯಲ್ಲಿ ಹಾಳೆಗಳನ್ನು ಹರಡಿ, ಕತ್ತರಿ ಹಿಡಿದು ಕೂತೆ. ಪರದೆಯ ಮೇಲೆ ನೋಡಿದರೆ ಒಂದು ಸಲಕ್ಕೆ ಮೂವತ್ತು ಸಾಲು ಕಾಣುತ್ತದೆ. ನೆಲದ ಮೇಲೆ ಎಲ್ಲವೂ ಕಾಣುತ್ತದೆ. ತುಂಡು ತುಂಡಾಗಿ ಕತ್ತರಿಸಿ ಕಟ್ಟು ಮಾಡಿದೆ. ಕವಡೆ ಬೀಳಿಸುವುದಕ್ಕೆ ಒಂದು, ಕಾಯಿ ಎಲ್ಲಿದೆ ಎಂದು ನೆನಪಿಡುವುದಕ್ಕೆ ಒಂದು, ಚಿತ್ರಕ್ಕೂ ಶಬ್ದಕ್ಕೂ ಬೇರೆ ಬೇರೆ, ಊರಿನ ನಿಯಮಕ್ಕೆ ಊರಿಗೊಂದರಂತೆ ಮೂರು. ಪ್ರತಿಯೊಂದಕ್ಕೂ ಕೆಂಪು ಟೇಪು ಕಟ್ಟಿದೆ. ಆ ಟೇಪನ್ನು ಹೋದಲ್ಲೆಲ್ಲ ಜನ ಬಯ್ಯುತ್ತಾರೆ. ನನ್ನನ್ನು ಕೇಳಿದರೆ ಅದಕ್ಕಿಂತ ನಂಬಿಕಸ್ಥ ವಸ್ತು ಸರ್ಕಾರ ಇನ್ನೊಂದನ್ನು ಕೊಂಡಿಲ್ಲ.

ಗೋಡೆಯ ಮೇಲೆ ಒಂದು ಕಚೇರಿ ಆದೇಶವನ್ನೂ ಅಂಟಿಸಿದೆ. ಚಿತ್ರ ಬಿಡಿಸುವವರು ನ್ಯಾಯ ಹೇಳತಕ್ಕದ್ದಲ್ಲ. ಹಾಸು ತನ್ನ ಮೇಲೆ ಯಾವ ಊರಿನವರು ಆಡುತ್ತಿದ್ದಾರೆಂದು ವಿಚಾರಿಸತಕ್ಕದ್ದಲ್ಲ. ಹೊಡೆಯಬಹುದೇ ಎಂಬ ಪ್ರಶ್ನೆಯನ್ನು ಆಯಾ ಊರಿನ ಕಟ್ಟಿಗೆ ಕಳಿಸಿ, ಬಂದ ಉತ್ತರವನ್ನು ಮರುಮಾತಿಲ್ಲದೆ ಪಾಲಿಸತಕ್ಕದ್ದು. ಊರಿನ ಹೆಸರನ್ನು ಆಟ ಶುರುವಾಗುವಾಗ ಒಂದೇ ಒಂದು ಸಲ ಕೇಳತಕ್ಕದ್ದು.

ಮೂರನೇ ದಿನ ಅಣ್ಣನ ಮಗ ಬಂದ. ಬಾಗಿಲಲ್ಲಿ ನಿಂತು ಆದೇಶ ಓದಿ, “ಸಹಿ, ಮೊಹರು ಇಲ್ವಲ್ಲ” ಎಂದ. ಆಮೇಲೆ ಪ್ಯಾಂಟು ಮಡಿಸಿಕೊಂಡು ನೆಲದಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಒಂದು ತುಂಡು ಹಿಡಿದುಕೊಂಡು ಯಾವ ಕಟ್ಟಿಗೂ ಹಾಕದೆ ಹಿಂದೆ ಮುಂದೆ ತಿರುಗಿಸತೊಡಗಿದ.

“ಏನಪ್ಪಾ?”

“ಶಬ್ದ ಮಾಡೋ ಜಾಗದಲ್ಲಿ ಸರದಿ ಬದಲಾಯಿಸ್ತಾ ಇದ್ದೀನಿ ಅತ್ತೆ. ಫೋನ್ ಸೈಲೆಂಟ್ ಮಾಡಿದ್ರೆ ಎದುರಿನೋರಿಗೆ ಸರದಿನೇ ಸಿಗಲ್ಲ.”

ಅವನು ತುಂಡನ್ನು ತಾನೇ ಎರಡಾಗಿ ಹರಿದು ಎರಡು ಕಟ್ಟಿಗೆ ಹಾಕಿದ. ಅವತ್ತಿನಿಂದ ನಾನು ಕಟ್ಟು ಓದುವುದು, ಅವನು ಕೀಲಿ ಒತ್ತುವುದು. ಶನಿವಾರ ಆಟ ಮತ್ತೆ ಓಡಿತು. ಆಡಿ ನೋಡುವಾಗ ಗಟ್ಟಿ ಗಟ್ಟಿಯನ್ನು ಹೊಡೆಯಬಹುದೆಂಬ ನಮ್ಮೂರಿನ ನಿಯಮವನ್ನೇ ಬಿಟ್ಟಿದ್ದೇನೆಂದು ನೆನಪಾಯಿತು. ತರೀಕೆರೆಯ ಫೈಲಿಗೆ ಎರಡು ಸಾಲು ಸೇರಿಸಿ, ಬೇರೆ ಯಾವುದನ್ನೂ ಮುಟ್ಟದೆ ಮುಗಿಸಿದೆ. ಬಲು ಹೆಮ್ಮೆಯಾಯಿತು. ಭಾನುವಾರ ಬೆಳಿಗ್ಗೆ ಆ ಹೆಮ್ಮೆಯನ್ನು ತೆಗೆದುಕೊಂಡು ಅಜ್ಜಂಪುರಕ್ಕೆ ಹೋದೆವು.

ಅಕ್ಕ ಆಡಿದಳು. ಈ ಸಲ ಒಂಟಿ ಕಾಯಿ ಅವಳ ಗಟ್ಟಿಯ ತಂಟೆಗೆ ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮೆಷಿನ್ನಿನ ಗಟ್ಟಿ ಬಂದು ಅವಳ ಗಟ್ಟಿಯನ್ನು ಹೊಡೆಯಿತು.

“ಇದು ತರೀಕೆರೆ ಆಟ” ಎಂದಳು ಅಕ್ಕ.

ಅಣ್ಣನ ಮಗ ನನ್ನ ಕಡೆ ನೋಡಿದ. ಈ ತಪ್ಪು ಅವನದಲ್ಲ. ಅಜ್ಜಂಪುರದ ಫೈಲು ಬರೆದವಳು ನಾನು. ಅದರ ಮೊದಲ ಸಾಲಿನಲ್ಲೇ ಬರೆದಿದ್ದೆ: ಎಲ್ಲವೂ ತರೀಕೆರೆಯಂತೆ, ಮೂರು ಎಂಟು ಬಿದ್ದರೆ ಸುಡುವುದೊಂದನ್ನು ಬಿಟ್ಟು. ನನ್ನ ಸರ್ವಿಸಿನ ಕಾಲದಲ್ಲಿ ಅಜ್ಜಂಪುರ ತರೀಕೆರೆ ತಾಲ್ಲೂಕಿನ ಒಂದು ಹೋಬಳಿ. ಅದರ ಕಟ್ಟುಗಳು ನಮ್ಮ ಕೋಣೆಯ ಬಲಗಡೆಯ ರ್ಯಾಕಿನಲ್ಲಿದ್ದವು. ಅದು ಬೇರೆ ತಾಲ್ಲೂಕಾಗಿ ವರ್ಷಗಳಾಗಿದ್ದರೂ ನನ್ನ ಕೈ ಅದನ್ನು ಹಳೆಯ ರ್ಯಾಕಿಗೇ ಹಾಕಿತ್ತು. ತರೀಕೆರೆಗೆಂದು ಸೇರಿಸಿದ ಎರಡು ಸಾಲು ನೇರವಾಗಿ ಅಕ್ಕನ ಮನೆಗೂ ಬಂದು ಕೂತಿದ್ದವು.

ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

“ಸರ್ಕಾರನೇ ನಮ್ಮನ್ನ ಬಿಟ್ಟು ಕೊಡ್ತು, ನೀನು ಬಿಡ್ಲಿಲ್ಲ ನೋಡೇ” ಎಂದಳು.

“ಆದೇಶ ಹೊರಡಿಸಿದೋರೇ ಹಿಂಗೆ ಮಾಡಿದ್ರೆ” ಎಂದು ಅಣ್ಣನ ಮಗ ಗೋಡೆಯ ಕಡೆ ತಿರುಗಿ ಹೇಳಿದ.

“ಬಾಯಿ ಮುಚ್ಚಿಕೊಂಡು ಹೊಸ ಫೈಲ್ ತೆಗಿಯೋ” ಎಂದೆ. ಜಗಲಿಯ ಮೇಲೆ ಕೂತು ಅಜ್ಜಂಪುರಕ್ಕೆ ತನ್ನದೇ ಫೈಲು ಮಾಡಿದೆವು. ಕೆಲವು ಸಾಲುಗಳು ತರೀಕೆರೆಯಲ್ಲಿದ್ದಂತೆಯೇ ಮತ್ತೆ ಬರೆಯಬೇಕಾಯಿತು. ಒಂದೇ ಮಾತನ್ನು ಎರಡು ಕಡೆ ಬರೆಯಬಾರದೆಂದು ಪಂಡಿತರು ಹೇಳುತ್ತಾರೆ, ಗೊತ್ತು. ಇವತ್ತು ಒಂದೇ ಥರ ಕಾಣುವ ಎರಡು ಊರು ನಾಳೆಯೂ ಹಾಗೇ ಇರುತ್ತವೆಂದು ಆ ಪಂಡಿತರು ಬರೆದುಕೊಡಲಿ, ಆಮೇಲೆ ನೋಡೋಣ. ಅಕ್ಕ ಸಂಜೆಯೊಳಗೆ ಮೂರು ಆಟ ಆಡಿ ಮೂರನ್ನೂ ಗೆದ್ದು, ಪರವಾಗಿಲ್ಲ ಎಂದಳು.

ಸೋಮವಾರ ಕಡೂರಿನ ಅಂಗಡಿಯಲ್ಲಿ ವಿಡಿಯೋ. ಕಂಪನಿಯ ಕಡೆಯಿಂದ ಮಾತಾಡಿದವರು ಸಭ್ಯರು. ಮೂರೂ ಊರಿನ ಆಟವನ್ನು ಒಂದಾದ ಮೇಲೊಂದು ಆಡಿದೆವು. ಎಲ್ಲೂ ತಪ್ಪಲಿಲ್ಲ.

“ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ನಮ್ಮ ಆಪ್‌ನಲ್ಲಿ ಒಂದು ಆಟಕ್ಕೆ ಒಂದೇ ನಿಯಮ. ಕಡೂರಿಂದು ಇಟ್ಕೋತೀವಿ, ಬೇರೆ ಎರಡು ತೆಗೆದುಕೊಡಿ. ನಿಮ್ಮ ಕೋಡ್ ನೀಟಾಗಿದೆ, ಎರಡು ಫೈಲ್ ಅಳಿಸಿದ್ರೆ ಆಯ್ತಲ್ಲ?”

ಅದು ನಿಜವಾಗಿತ್ತು. ಒಂದು ಊರನ್ನು ಇಷ್ಟು ಸಲೀಸಾಗಿ ಅಳಿಸುವ ಅನುಕೂಲವನ್ನು ನಾನೇ ಎಂಟು ದಿನ ಕೂತು ಮಾಡಿಕೊಟ್ಟಿದ್ದೆ.

“ಅಳಿಸೋಕ್ಕೆ ಅಂತ ಬೇರೆ ಮಾಡಿದ್ದಲ್ಲ ಸ್ವಾಮಿ” ಎಂದೆ. “ಒಬ್ಬರಿಗೊಬ್ರು ಅಡ್ಡ ಬರದೇ ಇರ್ಲಿ ಅಂತ ಮಾಡಿದ್ದು. ತಗೊಂಡ್ರೆ ಮೂರೂ ತಗೊಳ್ಳಿ. ಇಲ್ದಿದ್ರೆ ನಮಸ್ಕಾರ.”

ಅವರು ಅಣ್ಣನ ಮಗನ ಕಡೆ ನೋಡಿದರು. ಅವನು ಮೌಸನ್ನು ಎರಡು ಸಲ ಅತ್ತಿತ್ತ ಸರಿಸಿದ. ಹೂಂ ಅನ್ನುತ್ತಾನೆಂದೇ ನಾನು ಎಣಿಸಿದ್ದೆ.

“ಅತ್ತೆ ಹೇಳಿದಂಗೇ ಸಾರ್” ಎಂದ. “ನಮ್ಮ ದೊಡ್ಡತ್ತೆ ಹತ್ರ ನೀವು ಮಾತಾಡಿಲ್ಲ. ಮಾತಾಡಿದ್ರೆ ನೀವೂ ಕೇಳ್ತಿರ್ಲಿಲ್ಲ.”

ಕಂಪನಿಯವರು ಆಟವನ್ನು ತೆಗೆದುಕೊಳ್ಳಲಿಲ್ಲ. ಮುಂದಿನ ತಿಂಗಳು ಅಣ್ಣನ ಮಗ ಅದನ್ನು ಅಂಗಡಿಯ ಹೆಸರಿನಲ್ಲಿ ತಾನೇ ಹೊರಗೆ ಬಿಟ್ಟ. ಅದರಲ್ಲಿ ಮೂರು ಊರಿನ ನಿಯಮಗಳಿವೆ, ಮೂರು ಫೈಲುಗಳಲ್ಲಿ.